ನೂರಿಯ ಮುಂಗಾಲುಗಳು

ಮೊನ್ನೆ ಮಿಯಾಪುರದ ತಮ್ಮನ ಮನೆಗೆ ಹೋದಾಗ ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದದ್ದು ನೆನೆದು ಹುಳಿ ಬಂದ ಕಡಲೆಬೇಳೆಯ ವಾಸನೆ. ಅಂದು ತಮ್ಮ ಗಿರೀಶನ ಮದುವೆಯ ವಾರ್ಷಿಕೋತ್ಸವ. ಅವನ ಹೆಂಡತಿ ಸುನೀತಾ ವಡೆಗೆಂದು ಹಿಂದಿನ ದಿನವೇ ಬೇಳೆ ನೆನೆಹಾಕಿ ಮರೆತಿದ್ದಳಂತೆ. ಈ ಊರಿನ ವೈಶಾಖದ ಸೆಕೆಗೆ ಯಾವ ಬೇಳೆಯೂ ಅಷ್ಟು ಹೊತ್ತು ತಡೆಯುವುದಿಲ್ಲ. ಚೆಲ್ಲಿಬಿಡು ಎಂದು ಹೇಳಿ ಹಾಲಿಗೆ ಬಂದೆ. ಅಲ್ಲಿ ಟಿವಿಗೆ ಮದುವೆಯ ವೀಡಿಯೊ ಹಾಕಿಕೊಂಡು ಎಲ್ಲರೂ ಕುಳಿತಿದ್ದರು. ಬಾಸಿಂಗ ಕಟ್ಟಿಕೊಂಡ ಗಿರೀಶ ಬಿಳಿ ಕುದುರೆಯ ಮೇಲೆ ಬಿಗಿಯಾಗಿ ಕೂತಿದ್ದ, ಕುದುರೆ ಬ್ಯಾಂಡಿನ ಸದ್ದಿಗೆ ಮುಂಗಾಲು ಎತ್ತೆತ್ತಿ ಕುಣಿಯುತ್ತಿತ್ತು.

"ಅತ್ತಿ, ಈ ಕುದುರಿ ಎಷ್ಟ್ ಛಲೋ ಕುಣಿಯಾಕತ್ತೈತಿ ನೋಡ್ರಿ. ಇದು ಈಗ ಎಲ್ಲೈತ್ರಿ?" ಎಂದು ಗಿರೀಶನ ಮಗಳು ಕೇಳಿದಳು.

"ಅದು ನಿಮ್ಮ ಅತ್ತೀದ ಪೇಷಂಟ್," ಎಂದ ಗಿರೀಶ. ಎಲ್ಲರೂ ನಕ್ಕರು. ನಾನು ನೀರು ಕುಡಿಯುವ ನೆಪ ಮಾಡಿ ಮತ್ತೆ ಅಡುಗೆಮನೆಗೆ ಹೋದೆ.

ಆ ಬೇಸಿಗೆಯ ಬಗ್ಗೆ ನಾನು ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಿದರೆ ಏನನ್ನುತ್ತಾರೆ ಎಂಬುದು ಗೊತ್ತು. ಒಂದು ಕುದುರೆ ತಾನೆ, ಅದಕ್ಕೆ ಇಷ್ಟೇಕೆ ಕೊರಗುತ್ತೀ ಎಂದು ಸಮಾಧಾನ ಮಾಡುತ್ತಾರೆ. ನನ್ನ ಮನೆಯವರು ಒಳ್ಳೆಯವರು, ಖಂಡಿತ ಸಮಾಧಾನ ಮಾಡುತ್ತಾರೆ. ಅದು ನನಗೆ ಬೇಡ.

ಅದು ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಪಶುವೈದ್ಯೆಯಾಗಿ ಹೊರಬಿದ್ದವಳಿಗೆ ನಾಂಪಲ್ಲಿಯ ಹಿಂದಿನ ಒಂದು ಓಣಿಯಲ್ಲಿ, ಧರ್ಮಾರ್ಥ ನಡೆಯುತ್ತಿದ್ದ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಎರಡು ಕೋಣೆ, ಒಂದು ತಗಡಿನ ಚಪ್ಪರ, ಅಂಗಳದಲ್ಲಿ ಒಂದು ಬೇವಿನ ಮರ, ಅದಕ್ಕೆ ಕುದುರೆ ಕಟ್ಟುವ ನಾಲ್ಕು ಕಬ್ಬಿಣದ ಬಳೆ. ಅಪ್ಪ ಕಲಬುರಗಿಯಿಂದ ಸರಕಾರಿ ನೌಕರಿ ಹಿಡಿದು ಈ ಊರಿಗೆ ಬಂದವರು, ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಅವ್ವ, ನಾನು, ಗಿರೀಶ ಮೂವರೂ ತಾರ್ನಾಕದ ಹಳೆಯ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಓರಗೆಯವರೆಲ್ಲ ನಾಯಿ ಬೆಕ್ಕುಗಳ ಕ್ಲಿನಿಕ್ ಹುಡುಕಿಕೊಂಡರೆ ನಾನು ಕುದುರೆಗೆ ಗಂಟುಬಿದ್ದೆ. ಪ್ರೀತಿ ಅಂತ ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಸೀರೆ ಉಟ್ಟ ಹೆಣ್ಣುಮಗಳು ಅಷ್ಟು ದೊಡ್ಡ ಪ್ರಾಣಿಯ ಕಾಲು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಾಗ ಓಣಿಯ ಗಂಡಸರು ಬಾಯಿ ತೆರೆದು ನಿಲ್ಲುತ್ತಿದ್ದರಲ್ಲ, ಅದು ನನಗೆ ಬೇಕಾಗಿತ್ತು.

ನಮ್ಮಲ್ಲಿಗೆ ಬರುತ್ತಿದ್ದವು ಹೆಚ್ಚಾಗಿ ಲಗ್ನದ ಮೆರವಣಿಗೆಯ ಕುದುರೆಗಳು. ಹೊಟ್ಟೆನೋವು, ಜೀನು ಉಜ್ಜಿ ಆದ ಹುಣ್ಣು, ಪಟಾಕಿಯ ಕಿಡಿ ಬಿದ್ದ ಕಣ್ಣು, ಡಾಂಬರಿನ ಮೇಲೆ ಕುಣಿದು ಸೀಳಿದ ಗೊರಸು. ಬೇಸಿಗೆಯ ಲಗ್ನದ ಹಂಗಾಮು ಬಂತೆಂದರೆ ಬೇವಿನ ಮರದ ಕೆಳಗೆ ಜಾಗ ಇರುತ್ತಿರಲಿಲ್ಲ. ಅದರಲ್ಲಿ ಅರ್ಧ ಕಾಯಿಲೆಗೆ ಕಾರಣ ಕಡಲೆಬೇಳೆ. ಮದುಮಗ ಏರುವ ಮೊದಲು ಮನೆಯ ಹೆಂಗಸರು ಕುದುರೆಗೆ ಆರತಿ ಎತ್ತಿ, ನೆನೆಸಿದ ಕಡಲೆಬೇಳೆ ಬೆಲ್ಲ ತಿನ್ನಿಸುವುದು ಈ ಊರಿನ ಎಷ್ಟೋ ಮನೆತನಗಳಲ್ಲಿ ಪದ್ಧತಿ. ಒಂದು ಹಿಡಿಯಾದರೆ ಏನೂ ಆಗದು. ಆದರೆ ಒಂದೇ ದಿನ ಮೂರು ಲಗ್ನ, ಒಂದೊಂದು ಲಗ್ನದಲ್ಲೂ ಅತ್ತೆ, ಅಕ್ಕ, ಚಿಕ್ಕಮ್ಮ ಎಂದು ಆರು ಮಂದಿ, ತಲೆಗೊಂದು ತಟ್ಟೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಒಳಗೇ ಹುಳಿಯಬೇಕು, ಅದರ ವಿಷ ರಕ್ತಕ್ಕೆ ಸೇರಬೇಕು. ಆ ವಿಷ ಕೊನೆಗೆ ಹೊರಬೀಳುವುದು ಕಾಲಿನಲ್ಲಿ.

ಗೊರಸು ಹೊರಗಿನಿಂದ ಕಲ್ಲಿನಂತೆ ಕಂಡರೂ ಒಳಗೆ ಒಂದು ಮೂಳೆ ಇದೆ. ಆ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದುಕೊಂಡಿರುವುದು ಮೆತ್ತನೆಯ ಮಾಂಸದ ಪದರು. ವಿಷ ಏರಿದಾಗ ಆ ಪದರು ಊದಿಕೊಳ್ಳುತ್ತದೆ, ಆದರೆ ಊದಿಕೊಳ್ಳಲು ಜಾಗವಿಲ್ಲ. ನಮ್ಮ ಉಗುರಿನ ಸಂದಿಯಲ್ಲಿ ಸೂಜಿ ಹೊಕ್ಕರೆ ಹೇಗೋ ಹಾಗೆ, ಅದೂ ನಾಲ್ಕುನೂರು ಕಿಲೊ ಭಾರ ಹೊತ್ತುಕೊಂಡು. ಪದರು ಹರಿದರೆ ಮೂಳೆ ಕಳಚಿ ಕೆಳಗೆ ಇಳಿಯುತ್ತದೆ. ಅದಕ್ಕೆ ಇರುವ ಮದ್ದು ಮುಖ್ಯವಾಗಿ ಒಂದೇ, ಕುದುರೆ ನಡೆಯಕೂಡದು.

ಯುಗಾದಿ ಮುಗಿದ ವಾರ ಮಹಬೂಬಸಾಬರು ನೂರಿ ಎಂಬ ತಮ್ಮ ಕುದುರೆಯನ್ನು ನಡೆಸಿಕೊಂಡು ಬಂದರು. ಐವತ್ತು ದಾಟಿದ ಮನುಷ್ಯ, ಮಲ್ಲೇಪಲ್ಲಿಯಲ್ಲಿ ಮನೆ. ಮೊದಲು ಆಟೊ ಓಡಿಸುತ್ತಿದ್ದವರು ಅದನ್ನು ಮಾರಿ ಈ ಬಿಳಿ ಕುದುರೆಯನ್ನು ಕೊಂಡು ಮೂರು ವರ್ಷವಾಗಿತ್ತು. ಬಾಗಿಲಲ್ಲಿ ದಖ್ಖನಿಯಲ್ಲಿ ಮಾತು ಶುರುಮಾಡಿದವರು, ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಕೇಳಿ ನಿಂತುಬಿಟ್ಟರು.

"ನೀವು ನಮ್ಮ ಕಡಿಯವ್ರೇನ್ರಿ ಅಕ್ಕಾರ? ನಾ ಹುಮನಾಬಾದ್ ಹತ್ರದಾಂವ," ಎಂದರು. ಆಮೇಲೆ ಅಕ್ಕಾರ ಎಂದು ಕರೆಯುವುದನ್ನು ಅವರು ಬಿಡಲೇ ಇಲ್ಲ, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾಗಿದ್ದರೂ.

"ಏನಾಗೈತಿ ಚಾಚಾ?"

"ಹೊಟ್ಟಿ ಬ್ಯಾನಿ. ಹೊಟ್ಟಿ ಬ್ಯಾನಿಗೆ ತಿರಗಿಸಬೇಕಂತಾರಲ್ರಿ. ಮುಂಜಾನಿಂದ ತಿರಗಸಾಕತ್ತೀನಿ, ಕಮ್ಮಿನ ಆಗವಲ್ದು."

"ಮೊದ್ಲ ಏನರ ಬದಲ್ ಕಾಣಿಸಿತ್ತೇನ್ರಿ?"

"ಇಲ್ರಿ. ಉಲ್ಟಾ, ಒಂದ್ ವಾರದಿಂದ ಬಾಜಾ ಇಲ್ಲದ ಕುಣಿಯಾಕತ್ತಿದ್ಲು. ನಿಂತಲ್ಲೇ ಕುಣಿತಿದ್ಲು. ಲಗ್ನದ ಮಂದಿ ಭಾಳ ಖುಷ್ ಆಗತಿದ್ರು."

ನೂರಿ ಬೇವಿನ ಮರದ ಕೆಳಗೆ ಆಗಲೂ ಕುಣಿಯುತ್ತಿದ್ದಳು. ಎಡಗಾಲು ಎತ್ತುವಳು, ಇಡುವಳು, ಬಲಗಾಲು ಎತ್ತುವಳು, ಇಡುವಳು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿದ್ದಳು. ಗೊರಸು ಮುಟ್ಟಿದೆ, ಸುಡುತ್ತಿತ್ತು. ಗೊರಸಿಗಿಂತ ತುಸು ಮೇಲೆ ಬೆರಳಿಟ್ಟರೆ ನಾಡಿ ಗುದ್ದುತ್ತಿತ್ತು. ಇಕ್ಕಳದಿಂದ ಗೊರಸಿನ ತುದಿ ಒತ್ತಿದಾಗ ಅವಳು ಹಲ್ಲು ಕಡಿದು ನರಳಿದಳು. ಒಂದು ವಾರ ಊರ ಜನ ಚಪ್ಪಾಳೆ ಹೊಡೆದು ನೋಡಿದ್ದು ಈ ನೋವನ್ನು. ಮೇಲಿಂದ ಇವರು ಬೆಳಗಿನಿಂದ ಅವಳನ್ನು ಓಣಿ ಓಣಿ ನಡೆಸಿದ್ದರು. ಹೊಟ್ಟೆನೋವಿಗೆ ನಡೆಸುವುದು ಒಳ್ಳೆಯದೇ, ಈ ರೋಗಕ್ಕೆ ಅದು ವಿಷ.

ಕಾಲಿನ ನೋವು ಎಂದರೆ ಮಹಬೂಬಸಾಬರು ನಂಬಲಿಲ್ಲ. ಗಾಯ ಇಲ್ಲ, ಮುಳ್ಳು ಇಲ್ಲ, ಬಾವು ಇಲ್ಲ, ಕಾಲಿನಲ್ಲಿ ಏನಿರುತ್ತದೆ ಎಂದು ಮೂರು ಸಲ ಕೇಳಿದರು. ಓಣಿಯವರು ಸುತ್ತ ನಿಂತಿದ್ದರು. ಆಗ ನಾನು ಮಾಡಿದ್ದು ಶುದ್ಧ ಮೆರೆದಾಟ. ಕುಂಟುವ ಕುದುರೆಯ ನೋವು ಎಲ್ಲಿದೆ ಎಂದು ಪತ್ತೆ ಮಾಡಲು ನರದ ಬುಡದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಕ್ರಮ ಒಂದಿದೆ. ಹಲ್ಲು ಕೀಳುವ ಮೊದಲು ಒಸಡಿಗೆ ಕೊಡುತ್ತಾರಲ್ಲ, ಅದೇ ಔಷಧಿ. ಈ ರೋಗದಲ್ಲಿ ಅದನ್ನು ಕೊಟ್ಟು ನಡೆಸಬಾರದು ಎಂದು ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೂ ಎರಡೂ ಮುಂಗಾಲಿಗೆ ಗೊರಸಿಗಿಂತ ತುಸು ಮೇಲೆ ಸೂಜಿ ಹಾಕಿದೆ. ಹತ್ತು ನಿಮಿಷಕ್ಕೆ ನೂರಿ ನೆಟ್ಟಗೆ ನಿಂತಳು. ಹಗ್ಗ ಹಿಡಿದು ಎರಡು ಹೆಜ್ಜೆ ನಡೆಸಿದೆ. ಏನೂ ಆಗಿಲ್ಲವೇನೋ ಎಂಬಂತೆ ನಡೆದಳು.

ಮಹಬೂಬಸಾಬರು ಅಳಲು ಶುರುಮಾಡಿದರು. "ನಿಮ್ಮ ಕೈಯಾಗ ಏನೋ ಐತಿ ಅಕ್ಕಾರ," ಎಂದರು. ಇದು ವಾಸಿಯಾದದ್ದಲ್ಲ, ಬರೀ ಮರಗಟ್ಟಿದ್ದು, ತಾಸು ಒಂದೂವರೆ ತಾಸಿನಲ್ಲಿ ನೋವು ಮತ್ತೆ ಬರುತ್ತದೆ ಎಂದು ಹೇಳಿದೆ. ಹೇಳಿದ್ದನ್ನು ಕೇಳಿಸಿಕೊಂಡರು. ಆದರೆ ನೋಡಿದ್ದು ಬೇರೆ, ಅದನ್ನು ಅವರ ಕಣ್ಣಿನಿಂದ ತೆಗೆಯಲು ಆಗಲಿಲ್ಲ.

ನಮ್ಮ ದೊಡ್ಡ ಡಾಕ್ಟರು ನಿವೃತ್ತಿಯ ಅಂಚಿನಲ್ಲಿದ್ದ ತೆಲುಗು ಮನುಷ್ಯ. ಕುದುರೆಗಳ ನಡುವೆಯೇ ತಲೆ ಬೆಳ್ಳಗಾದವರು, ದನಿ ಏರಿಸಿದ್ದನ್ನು ನಾನು ಕಂಡಿರಲಿಲ್ಲ. ಅಂದು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನೋವಿದ್ದರೆ ಆ ಪ್ರಾಣಿ ತಾನಾಗಿ ನಿಲ್ಲುತ್ತದೆ, ನೋವು ಇಲ್ಲದಂತೆ ಮಾಡಿದರೆ ಮೂಳೆ ಕಿತ್ತು ಬರುವವರೆಗೂ ನಡೆಯುತ್ತದೆ, ಅದನ್ನು ಅವನಿಗೆ ಯಾಕೆ ತೋರಿಸಿದೆ ಎಂದು ಕೇಳಿದರು.

ಆದರೂ ನೂರಿ ಉಳಿಯುವ ಲಕ್ಷಣವಿತ್ತು. ಮಹಬೂಬಸಾಬರು ನಾನು ಹೇಳಿದ ಒಂದು ಮಾತನ್ನೂ ಮೀರಲಿಲ್ಲ. ಮನೆ ಕಟ್ಟುವಲ್ಲಿಂದ ಮರಳು ತಂದು ಕೊಟ್ಟಿಗೆಯಲ್ಲಿ ಮೊಳದೆತ್ತರ ಹಾಸಿದರು. ಮೊದಲ ಮೂರು ದಿನ ಮಂಜುಗಡ್ಡೆಯ ತೊಟ್ಟಿಯಲ್ಲಿ ಅವಳ ಮುಂಗಾಲು ಇಟ್ಟು ಪಕ್ಕದಲ್ಲೇ ಕೂತರು. ಕಾಳು ಕಡಿ ಎಲ್ಲ ಬಂದ್ ಮಾಡಿ ಒಣಹುಲ್ಲು ಮಾತ್ರ ಹಾಕಿದರು. ಹೊಟ್ಟೆಪಾಡಿಗೆ ಬೇರೆಯವರ ಆಟೊ ಓಡಿಸಲು ಹೋದರು. ನಾನು ದಿನ ಬಿಟ್ಟು ದಿನ ಹೋಗಿ ನಾಡಿ ನೋಡುತ್ತಿದ್ದೆ, ಬಾವಿನ ಔಷಧಿ ಕೊಡುತ್ತಿದ್ದೆ, ಅಂಗಾಲಿಗೆ ಮೆತ್ತೆ ಕಟ್ಟುತ್ತಿದ್ದೆ. ಹೋದಾಗಲೆಲ್ಲ ಒಳಗಿನಿಂದ ಕನ್ನಡ ಕೇಳಿಸುತ್ತಿತ್ತು. ಊರಿನ ಕೆರೆಯ ಬಗ್ಗೆ, ಸತ್ತುಹೋದ ತಾಯಿಯ ಬಗ್ಗೆ, ಆಟೊ ಮಾಲೀಕನ ಬಾಯಿಯ ಬಗ್ಗೆ ಅವರು ನೂರಿಗೆ ಹೇಳುತ್ತಿದ್ದರು.

"ಮನ್ಯಾಗ ಯಾರಿಗೂ ಕನ್ನಡ ಬರೂದಿಲ್ರಿ. ಮಕ್ಕಳು ನಗತಾವು. ಇಕಿ ಒಬ್ಬಾಕಿ ನಗೂದಿಲ್ಲ," ಎಂದರು ಒಮ್ಮೆ.

ಮೂರನೆಯ ವಾರ ಗೊರಸಿನ ಬಿಸಿ ಇಳಿಯಿತು. ನಾಲ್ಕನೆಯ ವಾರ ನೂರಿ ಮರಳಿನಲ್ಲಿ ತಾನಾಗಿ ತಿರುಗಿ ನನ್ನ ಕಡೆ ಬಂದು ಅಂಗೈಯ ಉಪ್ಪು ನೆಕ್ಕಿದಳು. ಇನ್ನೂ ಎರಡು ತಿಂಗಳು ಕೊಟ್ಟಿಗೆ ಬಿಡಿಸಬಾರದು, ದುಡಿಸುವುದನ್ನು ಮಳೆಗಾಲ ಕಳೆದ ಮೇಲೆ ನೋಡೋಣ ಎಂದೆ. ಆಗ ಮಹಬೂಬಸಾಬರು ನೆಲ ನೋಡುತ್ತ ಕೇಳಿದರು.

"ಅಕ್ಕಾರ, ಒಂದ್ ದೊಡ್ಡ ಮಂದಿ ಲಗ್ನ ಬಂದೈತಿ. ಒಂದ್ ತಾಸಿಂದು. ಆ ಸೂಜಿ ಒಮ್ಮೆ ಹಾಕ್ತೀರೇನ್ರಿ?"

ನಾನು ಅವರಿಗೆ ಬೈದ ಬೈಗುಳವನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಬಿಸಿಯಾಗುತ್ತದೆ. "ನಿಮಗ ಮನುಷ್ಯತ್ವ ಐತೇನ್ರಿ? ಆ ಮೂಕ ಪ್ರಾಣಿ ನಿಮ್ಮನ್ನ ನಂಬಿ ನಿಂತೈತಿ. ನಿಮ್ಮ ಕಾಲ ಮುರದಾಗ ನಿಮಗ ಸೂಜಿ ಹಾಕಿ ಕುಣಸ್ಲೇನು?" ಎಂದೆ. ಅವರ ಮಕ್ಕಳು ಬಾಗಿಲಲ್ಲಿ ನಿಂತಿದ್ದರು, ಅವರ ಮುಂದೆಯೇ ಎಂದೆ. ಮಹಬೂಬಸಾಬರು ಎರಡೂ ಕಿವಿ ಹಿಡಿದುಕೊಂಡರು. ಮತ್ತೆ ಒಮ್ಮೆಯೂ ಕೇಳಲಿಲ್ಲ. ಅಂದು ಸಂಜೆ ಮನೆಯಲ್ಲಿ ಅವ್ವನ ಮುಂದೆ ಈ ಕತೆಯನ್ನು ದೊಡ್ಡದಾಗಿ ಹೇಳಿ ಶಭಾಸ್ ಎನಿಸಿಕೊಂಡೆ.

ಇದಾಗಿ ಹದಿನೈದು ದಿನಕ್ಕೆ ಗಿರೀಶನ ಲಗ್ನ. ಕಲಬುರಗಿಯ ಬಂಧುಗಳಿಗೆ ರೈಲು ಇಳಿದು ಬರಲು ಅನುಕೂಲ ಎಂದು ನಾಂಪಲ್ಲಿಯಲ್ಲೇ ಮಂಗಲ ಕಾರ್ಯಾಲಯ ಹಿಡಿದಿದ್ದೆವು. ಮದುಮಗ ಬೆಳಿಗ್ಗೆ ಕುದುರೆ ಏರಿ ಹನುಮಂತದೇವರ ಗುಡಿಗೆ ಹೋಗಿಬರುವುದು, ಕಾರ್ಯಾಲಯದ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಅವನನ್ನು ಎದುರುಗೊಳ್ಳುವುದು ನಮ್ಮ ಪದ್ಧತಿ. ಎಲ್ಲ ಏರ್ಪಾಡು ಅಪ್ಪನ ತಮ್ಮ ವಸಂತ ಕಾಕಾನದು. ಆ ಬೆಳಿಗ್ಗೆ ಒಂಬತ್ತಾದರೂ ಕಾಕಾ ಹೇಳಿಟ್ಟಿದ್ದ ಕುದುರೆ ಬರಲಿಲ್ಲ. ದೊಡ್ಡ ಮುಹೂರ್ತದ ದಿನ, ಕುದುರೆಯವನು ಹೆಚ್ಚು ಸಿಕ್ಕಲ್ಲಿಗೆ ಹೋಗಿಬಿಟ್ಟಿದ್ದ. ಊರಲ್ಲಿ ಇನ್ನೊಂದು ಕುದುರೆ ಖಾಲಿ ಇರಲಿಲ್ಲ.

ಕಾರಿನಲ್ಲಿ ಹೋಗಬಹುದಾಗಿತ್ತು. ನಡೆದೇ ಹೋಗಬಹುದಾಗಿತ್ತು, ಗುಡಿ ಎರಡು ಓಣಿ ಆಚೆ. ಗಿರೀಶನೇ ಹಾಗೆ ಅಂದ. ಆದರೆ ಕಾಕಾ ಕೇಳಲಿಲ್ಲ.

"ಅಪ್ಪ ಇಲ್ಲದ ಹುಡುಗನ ಲಗ್ನ ಹಿಂಗ ಕಾಟಾಚಾರಕ್ಕ ಮಾಡಿದ್ರಂತ ನಾಳೆ ಊರಾಗ ಮಂದಿ ಮಾತಾಡ್ತಾರ," ಎಂದು ಅವ್ವನ ಮುಂದೆ ಹೇಳಿ, ನನ್ನ ಕಡೆ ತಿರುಗಿ ನಕ್ಕ. "ಏನ್ರಿ ಡಾಕ್ಟರ್ ಸಾಹೇಬ್ರ, ಹಗಲೆಲ್ಲಾ ಕುದುರಿ ಕುದುರಿ ಅಂತೀರಿ. ತಮ್ಮನ ಲಗ್ನಕ್ಕ ಒಂದ್ ಕುದುರಿ ಹುಟ್ಟೂದಿಲ್ಲೇನು ನಿಮ್ಮ ಕೈಲೆ?"

ಅವ್ವ ಸೆರಗಿನ ತುದಿ ಹಿಡಿದುಕೊಂಡು ನನ್ನನ್ನು ನೋಡಿದಳು. ಅಷ್ಟು ಸಾಕಾಯಿತು. ಅಷ್ಟೇ ಸಾಕಾಯಿತು ಎಂಬುದನ್ನು ನಾನು ಯಾರಿಗೂ ಹೇಗೆ ಹೇಳಲಿ?

ಫೋನು ಮಾಡಿದೆ. ನೂರಿಯನ್ನು ಕರೆತನ್ನಿ ಎಂದು ಮಹಬೂಬಸಾಬರಿಗೆ ಹೇಳಿದೆ. "ನೀವ ಬ್ಯಾಡ ಅಂದಿದ್ರಲ್ರಿ ಅಕ್ಕಾರ. ಆಕಿ ಈಗ ಈಗ ಛಲೋ ನಿಂದ್ರಾಕತ್ತಾಳ."

"ನಾ ಅದೀನಲ್ಲ ಚಾಚಾ. ಒಂದ್ ತಾಸಿಂದು. ನಾನ ಪಕ್ಕದಾಗ ಇರ್ತೀನಿ."

"ಏನೂ ಆಗೂದಿಲ್ಲಲ್ರಿ?"

"ಏನೂ ಆಗೂದಿಲ್ಲ," ಎಂದೆ. ನಾನು ಹೇಳಿದ್ದನ್ನು ಅವರು ಯಾವಾಗ ತಾನೆ ಮೀರಿದ್ದರು? ಅರ್ಧ ತಾಸಿನಲ್ಲಿ ನೂರಿಯನ್ನು ತೊಳೆದು, ಬೆನ್ನಿನಿಂದ ಇಳಿಬೀಳುವ ಜರಿಯ ಜೂಲು ಹೊದಿಸಿ, ನಿಧಾನಕ್ಕೆ ನಡೆಸಿಕೊಂಡು ಬಂದರು. ಡಾಂಬರಿಗೆ ಬಂದವಳು ಮತ್ತೆ ಎಡಗಾಲು ಬಲಗಾಲು ಎತ್ತಿ ಇಡತೊಡಗಿದ್ದಳು.

ಕಾರ್ಯಾಲಯದ ಹಿಂದೆ ಜನರೇಟರಿನ ಮರೆಯಲ್ಲಿ ನಾನು ಇಳಕಲ್ ಸೀರೆಯ ನೆರಿಗೆ ಎತ್ತಿ ಕಟ್ಟಿ ಕೂತೆ. ಔಷಧಿಯ ಪೆಟ್ಟಿಗೆ ಯಾವಾಗಲೂ ನನ್ನ ಸ್ಕೂಟರಿನಲ್ಲಿ ಇರುತ್ತಿತ್ತು. ನೂರಿ ತಾನಾಗಿ ಮುಂಗಾಲು ಎತ್ತಿ ಕೊಟ್ಟಳು. ಒಂದೂವರೆ ತಿಂಗಳು ಅಂಗಾಲಿಗೆ ಮೆತ್ತೆ ಕಟ್ಟಿದ ಕೈ ಇದು, ಅವಳಿಗೆ ರೂಢಿಯಾಗಿತ್ತು. ನಾಲ್ಕು ಕಡೆ ಚುಚ್ಚಿದೆ.

ನೂರಿ ಕುಣಿದಳು. ಅದು ನೋವಿನ ಕುಣಿತವಲ್ಲ, ಕಲಿತ ಕುಣಿತ. ಒಂದೂವರೆ ತಿಂಗಳಿಂದ ಕಟ್ಟಿಹಾಕಿದ ಪ್ರಾಣಿಗೆ ಕಾಲಿನ ನೋವು ಇಲ್ಲದಂತಾದಾಗ ಮೈಯೆಲ್ಲ ಹುರುಪು. ಕಾಕಾ ಮೀಸೆ ತಿರುವಿದ. ಸೋದರತ್ತೆ ಒಂದು ಬುಟ್ಟಿ ನೆನೆಸಿದ ಕಡಲೆಬೇಳೆ ತಂದಳು. ನಮ್ಮ ಮನೆಯಲ್ಲಿ ಇಲ್ಲದ ಪದ್ಧತಿ, ನೆರೆಯವರನ್ನು ನೋಡಿ ಕಲಿತದ್ದು. "ಹಸದ್ ಹೋಗಬಾರದು ಪಾಪ, ಲಕ್ಷ್ಮಿ ಇದ್ಹಂಗ," ಎನ್ನುತ್ತ ತಟ್ಟೆ ತಟ್ಟೆ ಹಿಡಿದಳು. ನಾನು ಒಮ್ಮೆ "ಸಾಕ್ರಿ ಅತ್ತಿ" ಎಂದೆ. ಇನ್ನೊಮ್ಮೆ ಅನ್ನಲಿಲ್ಲ. ವೀಡಿಯೊದವನು ಅದನ್ನೆಲ್ಲ ಹಿಡಿಯುತ್ತಿದ್ದ, ನಾನು ನಗುತ್ತ ನಿಂತೆ. ಈಗಲೂ ಆ ವೀಡಿಯೊದಲ್ಲಿ ನಗುತ್ತ ನಿಂತಿದ್ದೇನೆ.

ಗುಡಿಗೆ ಹೋಗಿದ್ದಾಯಿತು. ಪೂಜಾರಿ ಆರತಿ ಹೊರಗೇ ತಂದರು, ಏರಿದ ಮದುಮಗ ಕಾರ್ಯಾಲಯದ ಬಾಗಿಲ ತನಕ ಇಳಿಯಕೂಡದು ಎಂದು ಕಾಕಾ ಸಾರಿದ್ದ. ಆ ಶಾಸ್ತ್ರ ಎಲ್ಲಿತ್ತೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಎದುರುಗೊಳ್ಳಬೇಕಾದ ಹೆಣ್ಣಿನ ಕಡೆಯವರು ಮಿಯಾಪುರದಿಂದ ಬರುತ್ತ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಸುದ್ದಿ ಬಂತು. ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ, ಅರ್ಧ ರಸ್ತೆ ಅಗೆದು ಹಾಕಿದ್ದರು. ಗಿರೀಶ ಬಿಸಿಲಲ್ಲಿ ಕುದುರೆಯ ಮೇಲೆ, ಕುದುರೆ ಕಾದ ಡಾಂಬರಿನ ಮೇಲೆ, ಒಂದು ತಾಸು ಹೋಗಿ ಎರಡಾಯಿತು. ಬ್ಯಾಂಡಿನವರು ನಿಲ್ಲಿಸಲೇ ಇಲ್ಲ. ಮಹಬೂಬಸಾಬರು ನನ್ನ ಹತ್ತಿರ ಸರಿದು ಬಂದರು.

"ಅಕ್ಕಾರ, ಅವ್ರನ್ನ ಇಳಸ್ರಿ. ಈಕಿ ಮೈಯೆಲ್ಲಾ ಬೆವತಾಳ. ಇಷ್ಟಕ್ಕ ಸಾಕ್ ಮಾಡೂಣ್ರಿ, ನನಗ ಏನೂ ಕೊಡಬ್ಯಾಡ್ರಿ."

ನೂರಿಯ ತುಟಿ ನಡುಗುತ್ತಿತ್ತು. ಔಷಧಿ ಇಳಿಯುತ್ತಿದೆ ಎಂದು ಗೊತ್ತಾಯಿತು. ಗಿರೀಶನನ್ನು ಇಳಿ ಎಂದರೆ ಅವನು ಇಳಿಯುತ್ತಿದ್ದ, ಸಂತೋಷದಿಂದ ಇಳಿಯುತ್ತಿದ್ದ. ನಾನು ಕಾಕಾನ ಮುಖ ನೋಡಿದೆ, ಬಂಧುಗಳ ಮುಖ ನೋಡಿದೆ. ಆಮೇಲೆ ನೂರಿಯ ಜೂಲಿನ ಮರೆಯಲ್ಲಿ ಕುಕ್ಕರಿಸಿ ಕೂತು ಎರಡನೆಯ ಸಲ ಸೂಜಿ ಹಾಕಿದೆ. ಮೇಲಿನಿಂದ ಗಿರೀಶ, "ಏನ್ ಮಾಡಾಕತ್ತೀಯಕ್ಕಾ?" ಎಂದು ಕೇಳಿದ. "ಲಾಳ ಸಡ್ಲ ಆಗೈತಿ," ಎಂದೆ. ಹೆಣ್ಣಿನ ಕಡೆಯವರು ಬಂದು ಎದುರುಗೊಂಡಾಗ ನೂರಿ ಎಲ್ಲಕ್ಕಿಂತ ಚೆನ್ನಾಗಿ ಕುಣಿದಳು.

ಮನೆಗೆ ಹೋಗಿ ಮಂಜುಗಡ್ಡೆಯಲ್ಲಿ ಕಾಲು ಇಡಿಸ್ರಿ, ಸಂಜೆ ಬರ್ತೀನಿ ಎಂದು ಮಹಬೂಬಸಾಬರಿಗೆ ಹೇಳಿದ್ದೆ. ಸಂಜೆ ಆರತಕ್ಷತೆ ಇತ್ತು. ಮರುದಿನ ಬೀಗರ ಊಟ. ಮೂರನೆಯ ದಿನ ಹೊಸ ಜೋಡಿಯನ್ನು ಕರೆದುಕೊಂಡು ಕಲಬುರಗಿಗೆ, ಮನೆದೇವರಿಗೆ. ಫೋನಿನ ಮೇಲೆ ಮಹಬೂಬಸಾಬರ ಹೆಸರು ಬೆಳಗಿದಾಗಲೆಲ್ಲ ಅದನ್ನು ಮಗುಚಿ ಇಡುತ್ತಿದ್ದೆ. ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಹೇಳಿಕೊಳ್ಳಬಹುದು. ಕೇಳಿಸಿತ್ತು. ಏನಾಗಿರುತ್ತದೆ ಎಂಬುದು ಗೊತ್ತಿದ್ದವಳು ನಾನೊಬ್ಬಳೇ, ಅದಕ್ಕೇ ಎತ್ತಲಿಲ್ಲ.

ಐದನೆಯ ದಿನ ಮಧ್ಯಾಹ್ನ ಮಲ್ಲೇಪಲ್ಲಿಗೆ ಹೋದೆ. ನೂರಿ ಮರಳಿನ ಮೇಲೆ ಮಲಗಿದ್ದಳು. ಮೇಲೆ ಏಳದೆ ನಾಲ್ಕು ದಿನವಾಗಿತ್ತು. ಕೊಟ್ಟಿಗೆಯಲ್ಲಿ ಕೊಳೆತ ನಾತ. ಮುಂಗಾಲು ಎತ್ತಿ ನೋಡಿದೆ. ಅಂಗಾಲು ಒಡೆದಿತ್ತು, ಒಡೆದಲ್ಲಿ ಮೂಳೆಯ ತುದಿ ಬೆಳ್ಳಗೆ ಹೊರಗೆ ಬಂದಿತ್ತು. ಇನ್ನೊಂದರಲ್ಲೂ ಹಾಗೆಯೇ. ಕಾಲು ಮುಟ್ಟಿದ್ದಕ್ಕೆ ಅವಳು ಒದೆಯಲಿಲ್ಲ, ಕತ್ತು ಎತ್ತಿ ನನ್ನ ಅಂಗೈ ಹುಡುಕಿದಳು.

"ದವಾಖಾನಿಗೆ ಯಾಕ ಹೋಗ್ಲಿಲ್ರಿ ಚಾಚಾ? ದೊಡ್ಡ ಡಾಕ್ಟರ್ ಇದ್ರಲ್ಲ?" ಎಂದೆ. ಎಂಥ ಪ್ರಶ್ನೆ. ತಪ್ಪನ್ನು ಅವರ ಕಡೆ ತಳ್ಳಲು ಜಾಗ ಹುಡುಕುತ್ತಿದ್ದೆ.

"ಹ್ಯಾಂಗ ಹೋಗ್ಲಿ? ಅವ್ರು ಬಂದ್ರ ಕೇಳತಿದ್ರು, ಯಾರ್ ಸೂಜಿ ಹಾಕಿದ್ರಂತ. ನನಗ ಸುಳ್ಳ ಹೇಳಾಕ ಬರೂದಿಲ್ರಿ. ನಿಮ್ಮ ನೌಕರಿ ಹೋಗತಿತ್ತು," ಎಂದರು. "ನೀವು ಬರ್ತೀರಿ ಅಂತ ಗೊತ್ತಿತ್ತು. ಇಕಿಗೂ ಅದನ್ನ ಹೇಳಾಕತ್ತಿದ್ದೆ."

ಇನ್ನು ಏನೂ ಮಾಡಲು ಬರುವುದಿಲ್ಲ, ಸೂಜಿ ಹಾಕಿ ಶಾಶ್ವತವಾಗಿ ಮಲಗಿಸಿಬಿಡುವುದೊಂದೇ ದಾರಿ ಎಂದೆ. ಅವರಿಗೆ ಅರ್ಥವಾಯಿತು. ನೂರಿಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಕಿವಿಯ ಹತ್ತಿರ ಕನ್ನಡದಲ್ಲಿ ಏನೋ ಹೇಳಿದರು. ಏನೆಂದು ಕೇಳಿಸಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ, ಔಷಧಿ ತುಂಬುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಕತ್ತಿನ ನರಕ್ಕೆ ಸೂಜಿ ಹಾಕಿದಾಗ ನೂರಿ ಅಲುಗಾಡಲಿಲ್ಲ. ನನ್ನ ಕೈಗೆ ಅವಳು ಎಂದೂ ಅಲುಗಾಡಿದವಳಲ್ಲ. ಒಂದೆರಡು ನಿಮಿಷದಲ್ಲಿ ಮುಗಿಯಿತು.

ಆಮೇಲೆ ಕಾಗದ. ಪ್ರಾಣಿಯನ್ನು ಮಲಗಿಸಿದರೆ ಕಾರಣ ಬರೆದು, ಮಾಲೀಕರ ಸಹಿ ತೆಗೆದುಕೊಂಡು ಆಸ್ಪತ್ರೆಗೆ ಒಪ್ಪಿಸಬೇಕು. ಸೂಜಿಯ ವಿಷಯ ಬರೆದರೆ ಅಂದೇ ನನ್ನ ನೌಕರಿ ಮುಗಿಯುತ್ತಿತ್ತು, ಬಹುಶಃ ಡಾಕ್ಟರಿಕೆಯೂ. ಗೋಡೆಗೆ ಒರಗಿ ಇಂಗ್ಲಿಷಿನಲ್ಲಿ ಬರೆದೆ, ಮಾಲೀಕನು ವೈದ್ಯರ ಸಲಹೆಯನ್ನು ಮೀರಿ ರೋಗದ ಕುದುರೆಯನ್ನು ಲಗ್ನಕ್ಕೆ ದುಡಿಸಿದ್ದರಿಂದ ಎಂದು. ಹಾಗೆ ಬರೆಸಿಕೊಂಡವರ ಯಾವ ಪ್ರಾಣಿಯನ್ನೂ ನಮ್ಮ ಆಸ್ಪತ್ರೆ ಮುಂದೆ ಎಂದೂ ಒಳಗೆ ಬಿಡುತ್ತಿರಲಿಲ್ಲ, ಅವರ ಹೆಸರನ್ನು ಬಾಗಿಲಿನ ಹಲಗೆಗೆ ಅಂಟಿಸುತ್ತಿದ್ದರು. ಅದು ಗೊತ್ತಿದ್ದೇ ಬರೆದೆ. ಅಕ್ಷರ ದುಂಡಗೆ ಬಂದವು.

ಮಹಬೂಬಸಾಬರಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಕಾಗದ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ಏನ್ ಬರದೀರಿ ಅಕ್ಕಾರ?"

"ಕಾಲಿನ ರೋಗ ಅಂತ."

"ನಿಮ್ಮ ಮ್ಯಾಲ ಏನೂ ಬರೂದಿಲ್ಲಲ್ರಿ?"

"ಇಲ್ಲ ಚಾಚಾ. ನನ್ನ ಮ್ಯಾಲ ಏನೂ ಬರೂದಿಲ್ಲ."

"ಹಂಗಾದ್ರ ಛಲೋ ಆತು," ಎಂದು ಅವರು ಮರಳಿನ ಮೇಲೆ ಕೂತು, ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ತಮ್ಮ ಹೆಸರು, ತಂದೆಯ ಹೆಸರು, ಊರಿನ ಹೆಸರು ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಬರೆದರು. ಪೆನ್ನಿಗೆ ಹತ್ತಿದ್ದ ಮರಳನ್ನು ಅಂಗಿಯ ತುದಿಯಿಂದ ಒರೆಸಿ ನನಗೆ ವಾಪಸು ಕೊಟ್ಟರು.